ಹಂಚಿ ನುಂಗಿದ ಗುಳಿಗೆ

ಶರಣವ್ವನ ಮನೆಯಲ್ಲಿ ಒಬ್ಬರೇ ತಿನ್ನುವ ಪದಾರ್ಥ ಎಂಬುದೇ ಇರಲಿಲ್ಲ. ಮಠದಿಂದ ಪ್ರಸಾದವೆಂದು ಒಂದೇ ಬಾಳೆಹಣ್ಣು ಬಂದರೂ ಅದನ್ನು ಈಳಿಗೆಗೆ ಹಚ್ಚಿ ಹೋಳು ಮಾಡಿ, ಮನೆಯವರಿಗೆ, ಕಾಳು ಹಸನು ಮಾಡಲು ಬಂದ ಹೆಂಗಸರಿಗೆ, ಗೋಡೆಯಾಚೆಯ ತಾರಾಬಾಯಿಗೆ ಎಂದು ಹಂಚುವಳು. ಉಳಿದರೆ ತಾನೂ ಬಾಯಿಗೆ ಹಾಕಿಕೊಳ್ಳುವಳು. ಉಳಿಯದಿದ್ದರೆ ಹಣ್ಣು ಹಿಡಿದ ಬೆರಳನ್ನೇ ಕಣ್ಣಿಗೊತ್ತಿಕೊಳ್ಳುವಳು. ಮುಗದ ಎಂಬ ಹಳ್ಳಿಯ ತವರಿನಲ್ಲಿ ಕಲಿತದ್ದು ಇದು. ಊಟದ ಸಾಲಿನಲ್ಲಿ ಒಬ್ಬರ ಎಲೆಗೆ ತುಪ್ಪ ಬಿದ್ದು ಮಗ್ಗುಲಿನವರ ಎಲೆಗೆ ಬೀಳದಿದ್ದರೆ ಆಕೆಯ ತಂದೆ ಉಣ್ಣದೆ ಎದ್ದುಬಿಡುತ್ತಿದ್ದರಂತೆ. ಪಂಕ್ತಿಭೇದ ಎಂಬ ಮಾತನ್ನು ಶರಣವ್ವ ಕಳವು, ಕೊಲೆ ಎಂಬ ಮಾತುಗಳ ಜೊತೆಗೇ ಆಡುತ್ತಿದ್ದಳು. ಬೆಳಿಗ್ಗೆ ಇಷ್ಟಲಿಂಗದ ಪೂಜೆಗೆ ಕೂತು ಆಕೆ ಹೇಳುವ ವಚನಗಳು ಹುಬ್ಬಳ್ಳಿಯ ಕಮರಿಪೇಟೆಯ ಆ ಓಣಿಯ ನಾಲ್ಕು ಮನೆಗಳಿಗೆ ಕೇಳುತ್ತಿದ್ದವು. ಅದೂ ಒಂದು ಬಗೆಯ ಹಂಚಿಕೆಯೇ.

ಸೊಸೆ ಸೌಮ್ಯಾಳಿಗೆ ಅತ್ತೆಯ ಈ ಕೈ ಮೊದಲ ದಿನವೇ ಹಿಡಿಸಿತ್ತು. ಅವಳ ತವರಿನಲ್ಲಿ ಹೋಳಿಗೆ ಮಾಡಿದರೆ ಅಣ್ಣಂದಿರು ಎದ್ದ ಮೇಲೆ ಉಳಿದದ್ದು ಅವಳಿಗೆ. ಇಲ್ಲಿ ಮಗನ ತಾಟಿಗೆ ಎಷ್ಟೋ ಸೊಸೆಯ ತಾಟಿಗೂ ಅಷ್ಟೇ. ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಧಾರವಾಡದಲ್ಲಿ ಕೋಚಿಂಗ್ ಸೇರುತ್ತೇನೆ ಎಂದಾಗ, ಕಾಳಿನ ಅಂಗಡಿಯ ಲೆಕ್ಕದಲ್ಲಿ ಮುಳುಗಿದ್ದ ಗಂಡ ಶಿವಯೋಗೀಶ ತಲೆಯೆತ್ತದೆ "ನೋಡೂಣಂತ" ಅಂದಿದ್ದ. ಶರಣವ್ವ ಅಡುಗೆಮನೆಯಿಂದಲೇ, "ನೋಡೂದೇನ್ ಬಂತೋ ಅದರಾಗ? ನೀ ಓದೀದಿ, ಆಕಿನೂ ಓದಲಿ" ಎಂದು ಮುಗಿಸಿದ್ದಳು.

ಹೀಗೆ ಸೌಮ್ಯಾ ದಿನಾ ಮುಂಜಾನೆ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋಗುವಳು, ಸಂಜೆಗೆ ಬರುವಳು. ಕೋಚಿಂಗ್ ನಡೆಯುವ ಕಟ್ಟಡದಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಕಡೆಗೆ ಮೂಗು ಮುಚ್ಚಿಕೊಂಡೂ ಹೋಗುವ ಹಾಗಿರಲಿಲ್ಲ. ನೀರು ಕುಡಿದರಲ್ಲವೇ ಹೋಗಬೇಕಾದದ್ದು ಎಂದು ಹುಡುಗಿಯರೆಲ್ಲ ಬಾಯಿ ಒಣಗಿಸಿಕೊಂಡೇ ಪಾಠ ಕೇಳುತ್ತಿದ್ದರು. ಬೇಸಿಗೆ ಏರುತ್ತಿದ್ದ ಹಾಗೆ ಸೌಮ್ಯಾಳಿಗೆ ಉರಿ ಶುರುವಾಯಿತು. ಎರಡು ದಿನ ಹಲ್ಲು ಕಚ್ಚಿದಳು. ಆಮೇಲೆ ಒಲೆಯ ಮುಂದೆ ಅತ್ತೆಯ ಹತ್ತಿರ ಸರಿದು, ಸಣ್ಣ ದನಿಯಲ್ಲಿ ಹೇಳಿದಳು.

"ಅತ್ತೀ, ಕಾಲಮಡಿಗೆ ಹೋದ್ರ ಭಾಳ ಉರೀತೈತ್ರಿ. ಮತ್ತ ಮತ್ತ ಹೋಗಬೇಕನಸ್ತೈತಿ."

"ಯವ್ವಾ, ಉಷ್ಣ ಆಗೇತಿ ನಿನಗ" ಎಂದು ಶರಣವ್ವ ಕೊತ್ತಂಬರಿ ಬೀಜ ನೆನೆಹಾಕಿ ನೀರು ಕುಡಿಸಿದಳು. ಉರಿ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ, "ನಡಿ, ಡಾಕ್ಟರ್ ಬಾಯಿ ಹಂತ್ಯಾಕ ಹೋಗೂಣು" ಎಂದು ಎದ್ದಳು. ಮಗನಿಗೆ ನೆಗಡಿಯಾಗಿ ಮೂಗು ಕೆಂಪಗಾಗಿತ್ತು. "ನೀನೂ ಬಾ. ಒಂದ ಹಾದ್ಯಾಗ ಎರಡೂ ತೋರಿಸಿದಂಗ ಆಗತೈತಿ."

ಡಾಕ್ಟರ್ ದಾಕ್ಷಾಯಿಣಿಯವರ ದವಾಖಾನೆ ಓಣಿಯ ತುದಿಯಲ್ಲಿ, ಎರಡೇ ಕೋಣೆಯದು. ಹೊರಕೋಣೆಯಲ್ಲಿ ರೋಗಿಗಳು ಕೂರುವ ಬಾಕು, ಒಳಕೋಣೆಯಲ್ಲಿ ಎಲ್ಲರೂ ಬಾಯಾರು ಎಂದು ಕರೆಯುವ ಡಾಕ್ಟರು, ನಡುವಿನ ಬಾಗಿಲಲ್ಲಿ ಕಂಪೌಂಡರ್ ಮೌಲಾಲಿ. ಬಾಯಾರು ಧಾರವಾಡದವರು. ಮಾತು ಮೆತ್ತಗೆ, ಆದರೆ ಇಲ್ಲ ಎಂದರೆ ಇಲ್ಲ. ಸೌಮ್ಯಾಳನ್ನು ಒಬ್ಬಳನ್ನೇ ಕೂರಿಸಿ ಕೇಳಿದರು, ಮೂತ್ರ ಪರೀಕ್ಷೆ ಮಾಡಿದರು, ಆಮೇಲೆ ಅತ್ತೆಯನ್ನೂ ಗಂಡನನ್ನೂ ಒಳಗೆ ಕರೆದರು.

"ಮೂತ್ರದಾಗ ಸೋಂಕು ಆಗೇದ. ಹೆಣ್ಣುಮಕ್ಕಳಿಗೆ ಇದು ಭಾಳ ಸಾಮಾನ್ಯ, ಹೆದರೂವಂಥಾದ್ದೇನಿಲ್ಲ. ಆ್ಯಂಟಿಬಯೋಟಿಕ್ ಕೊಡ್ತೇನಿ. ಮುಂಜಾನಿ ಒಂದು, ಸಂಜಿಕೆ ಒಂದು. ಉರಿ ನಿಂತ ಮ್ಯಾಲೂ ನಿಲ್ಲಸಬ್ಯಾಡ್ರಿ, ಎಲ್ಲಾ ಮುಗಸ್ರಿ. ನೀರು ಕುಡೀರಿ, ಕಟ್ಟಿಕೊಂಡು ಕೂಡಬ್ಯಾಡ್ರಿ."

ಶಿವಯೋಗೀಶ ಕರವಸ್ತ್ರದಿಂದ ಮೂಗು ಒರೆಸುತ್ತ ಮುಂದೆ ಸರಿದ. "ಮೇಡಂ, ನಂಗೂ ಅದನ್ನ ಬರೀರಿ. ಅಂಗಡ್ಯಾಗ ಕುಂತ್ರ ಮೂಗಿಗೆ ನಳಾ ಕುಂಡ್ರಿಸಿದಂಗ ಆಗೇತಿ."

ಬಾಯಾರು ಅವನ ಗಂಟಲು ನೋಡಿದರು, ಎದೆ ಕೇಳಿದರು. "ನಿಮಗ ಬೇಕಾಗಿಲ್ಲ. ಇದು ವೈರಸ್ಸಿನ ನೆಗಡಿ. ಉಗಿ ತಗೋರಿ, ಬಿಸಿನೀರು ಕುಡೀರಿ, ತಾನ ಹೋಗ್ತದ."

"ಅಲ್ರೀ, ಆಕಿಗೆ ಕೊಟ್ರಿ."

"ಆಕಿದು ಬೇರೆ, ನಿಮ್ಮದು ಬೇರೆ. ಈ ಗುಳಿಗಿ ಬ್ಯಾಕ್ಟೀರಿಯಾ ಕೊಲ್ಲತದ. ನಿಮ್ಮ ನೆಗಡಿ ಅದರ ಮಾತು ಕೇಳೂದಿಲ್ಲ."

ಬಾಗಿಲಲ್ಲಿದ್ದ ಮೌಲಾಲಿ ನಕ್ಕ. "ಅಣ್ಣಾರ, ಸಿಟ್ಟಾಗಬ್ಯಾಡ್ರಿ. ನಾ ಇಲ್ಲೇ ಮುದುಕ ಆದೆ, ನನ್ನ ಕೆಮ್ಮಿಗೂ ಬಿಸಿನೀರನ್ನ ಬರೀತಾರ."

ಎಲ್ಲರೂ ನಕ್ಕರು. ಶರಣವ್ವ ಮಾತ್ರ ನಗಲಿಲ್ಲ. ಒಂದೇ ಮನೆಯಿಂದ ಬಂದವರು, ಒಂದೇ ಬಾಕಿನ ಮೇಲೆ ಕೂತವರು; ಒಬ್ಬರ ಎಲೆಗೆ ಬಿತ್ತು, ಇನ್ನೊಬ್ಬರದು ಬರಿದೇ ಉಳಿಯಿತು. ಇದೇ ಅವಳಿಗೆ ಕಂಡದ್ದು. ಮನೆಗೆ ನಡೆಯುವಾಗ ಸೊಸೆಗೆ ಹೇಳಿದಳು: "ಬಾಯಿ ಭಾಳ ಛಲೋ. ಕೈ ಅಷ್ಟ ಸ್ವಲ್ಪ ಬಿಗಿ."

ಮನೆಗೆ ಬಂದವಳು ಗುಳಿಗೆಗಳನ್ನು ಜಗಲಿಯ ಮೇಲೆ ದೇವರ ಮುಂದಿಟ್ಟಳು, ಒಂದು ಚಿಟಿಕೆ ವಿಭೂತಿ ಹಚ್ಚಿದಳು, ಕೈ ಮುಗಿದಳು. ಜಗಲಿಗೆ ಏರಿದ್ದು ಪ್ರಸಾದವಾಗಿ ಇಳಿಯಬೇಕು, ಪ್ರಸಾದವಾಗಿ ಇಳಿದದ್ದು ಎಲ್ಲರಿಗೂ ಸಲ್ಲಬೇಕು. ಆ ಸಂಜೆ ಸೊಸೆಯ ಕೈಗೊಂದು ಗುಳಿಗೆ ಕೊಟ್ಟಳು, ಮಗನ ಕೈಗೊಂದು ಕೊಟ್ಟಳು.

"ಅತ್ತೀ, ಅವರಿಗೆ ಬ್ಯಾಡಂದಾರಲ್ರಿ ಬಾಯಾರು" ಎಂದಳು ಸೌಮ್ಯಾ.

"ಅನ್ನಲಿ ಬಿಡವಾ. ಅವರಿಗೇನು, ನೂರು ಮಂದಿ ನೋಡತಾರ. ಮನ್ಯಾಗ ಒಬ್ರು ಉಂಡು ಒಬ್ರು ಬಾಯಿ ನೋಡಬಾರದು."

ಸೌಮ್ಯಾ ವಿಜ್ಞಾನ ಓದಿದವಳು. ಇದು ತಪ್ಪೆಂದು ಅವಳಿಗೆ ಗೊತ್ತಿತ್ತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಉಳಿದ ಗುಳಿಗೆ ಹಿಡಿದು ನಿಂತ ಅತ್ತೆಯ ಮುಖದಲ್ಲಿ ಎಂಥ ತೃಪ್ತಿ ಇತ್ತೆಂದರೆ, ತನ್ನ ತಾಟಿಗೆ ಸಮನಾಗಿ ಬಡಿಸಿದ್ದೂ ಇದೇ ಕೈ ಎಂಬುದು ನೆನಪಾಗಿ, ತನ್ನ ಪಾಲಿನದನ್ನು ನುಂಗಿ ತಂಬಿಗೆಯನ್ನು ಗಂಡನ ಕೈಗೆ ಕೊಟ್ಟಳು.

ಮರುದಿನ ತಾರಾಬಾಯಿ ಗಲ್ಲದ ಮೇಲೆ ಕೈ ಒತ್ತಿ ಬಂದಳು. "ಶರಣಕ್ಕಾ, ಈ ದವಡಿ ಹಲ್ಲು ನನ್ನ ಜೀವಾ ತಗೀತೈತಿ ನೋಡು. ಏನರೆ ಗುಳಿಗಿ ಐತೇನ?" ಇಲ್ಲ ಎನ್ನುವುದು ಶರಣವ್ವನಿಗೆ ಬಾರದ ವಿದ್ಯೆ. ಅವಳಿಗೂ ಪಾಲು ಹೋಯಿತು. ಹೀಗೆ ಸೌಮ್ಯಾಳಿಗೆಂದು ಬಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಸೌಮ್ಯಾಳ ಹೊಟ್ಟೆಗೆ ಹೋಯಿತು. ಅಷ್ಟಕ್ಕೇ ಉರಿ ಇಳಿಯಿತು. ಇಳಿದದ್ದೇ ತಡ, ಅವಳೂ ಸುಮ್ಮನಾದಳು. ಶಿವಯೋಗೀಶನ ನೆಗಡಿ ತನ್ನ ಪಾಡಿಗೆ ತಾನು ಹೋಯಿತು. ಅವನು ಮಾತ್ರ, "ನೋಡಬೇ, ಡಾಕ್ಟರ್ ಬ್ಯಾಡಂದ್ರೂ ನಿನ್ನ ಗುಳಿಗಿಲೆ ಹೋತು" ಎಂದು ಅವ್ವನನ್ನು ಹೊಗಳಿದ. ಶರಣವ್ವ ಜಗಲಿಯ ಕಡೆ ನೋಡಿ ಕೈ ಮುಗಿದಳು.

ಒಂದು ವಾರ ಕಳೆದಿರಬಹುದು. ಪಾಠ ನಡೆಯುವಾಗಲೇ ಸೌಮ್ಯಾಳಿಗೆ ಬೆನ್ನಿನ ಬಲಗಡೆ, ಪಕ್ಕೆಯ ಕೆಳಗೆ, ಯಾರೋ ಮುಷ್ಟಿಯಿಂದ ಒತ್ತಿ ಹಿಡಿದ ಹಾಗೆ ನೋವು ಕಂಡಿತು. ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸು ಹತ್ತಿದವಳಿಗೆ ಚಳಿ. ಮೈಯೆಲ್ಲ ನಡುಗಿ, ಸೆರಗನ್ನು ಹೊದ್ದು ಕೂತಳು. ಮಗ್ಗುಲಿನ ಹೆಂಗಸು ಹಣೆ ಮುಟ್ಟಿ ನೋಡಿ, "ಯವ್ವಾ, ಹಂಚಿನಂಗ ಸುಡಾಕತ್ತೀದಲ್ಲ! ಎಲ್ಲಿ ಇಳೀತಿ ನೀ?" ಎಂದು ಹುಬ್ಬಳ್ಳಿ ಬರುವವರೆಗೆ ಕೈ ಹಿಡಿದೇ ಕೂತಳು.

ಶರಣವ್ವ ಅವಳನ್ನು ಆಟೋದಲ್ಲಿ ಕೂರಿಸಿ ನೇರ ದವಾಖಾನೆಗೆ ತಂದಳು. ಮೌಲಾಲಿ ಬಾಕಿನ ಮೇಲಿದ್ದವರನ್ನೆಲ್ಲ ಎಬ್ಬಿಸಿ ಮೊದಲು ಒಳಗೆ ಬಿಟ್ಟ. ಬಾಯಾರು ಜ್ವರ ನೋಡಿದರು, ಬೆನ್ನಿನ ಮೇಲೆ ಮೆಲ್ಲಗೆ ತಟ್ಟಿದರು. ಸೌಮ್ಯಾ ನೋವಿಗೆ ಮುಂದಕ್ಕೆ ಬಾಗಿದಳು. ಬಾಯಾರ ಮುಖ ಗಂಭೀರವಾಯಿತು.

"ಸೌಮ್ಯಾ, ಹೋದ ಸಲ ಕೊಟ್ಟ ಗುಳಿಗಿ ಒಂದೂ ಬಿಡದಂಗ ನೀವ ತಗೊಂಡ್ರಿ?"

ಮಗ್ಗುಲಲ್ಲಿ ಅತ್ತೆ ಕೂತಿದ್ದಳು. ಸೊಸೆಯ ಚಪ್ಪಲಿಯನ್ನು ತನ್ನ ಕಾಲ ಹತ್ತಿರ ಜೋಡಿಸಿಟ್ಟುಕೊಂಡು, ಬಾಯೊಳಗೆ ಏನನ್ನೋ ಜಪಿಸುತ್ತಿದ್ದಳು. ಸೌಮ್ಯಾ ಅವಳ ಕಡೆ ಒಮ್ಮೆ ನೋಡಿದಳು.

"ಹೂಂ ರೀ. ಎಲ್ಲಾ ತಗೊಂಡೇನ್ರಿ."

"ಖರೇ?"

"ಖರೇ ರೀ."

ಬಾಯಾರು ಕಾಗದ ಎಳೆದುಕೊಂಡರು. "ಹಂಗಾದ್ರ ಆ ಔಷಧಕ್ಕ ನಿಮ್ಮ ಸೋಂಕು ಬಗ್ಗಲಿಲ್ಲ ಅಂದಂಗ ಆತು. ಈಗದು ಮ್ಯಾಲೆ ಏರಿ ಮೂತ್ರಪಿಂಡಕ್ಕ ಹೋಗೇದ. ಗುಳಿಗಿ ಕೇಳಲಾರದ ಸೋಂಕು ಅಂದ್ರ ನಾ ಇಲ್ಲೆ ಇಟ್ಟುಕೊಂಡು ಕೂಡೂ ಹಂಗಿಲ್ಲ. ದೊಡ್ಡ ದವಾಖಾನಿಗೆ ಬರದು ಕೊಡ್ತೇನಿ. ಒಳಗ ಇಟ್ಟುಕೊಂಡು ರಕ್ತಕ್ಕ ಔಷಧ ಬಿಡತಾರ. ಅವು ಕಡೀಗೆ ಬೇಕಾಗತಾವಂತ ನಾವು ಕಾದಿಟ್ಟಿರೂ ಔಷಧ. ಇಷ್ಟು ಸಣ್ಣ ವಯಸ್ಸಿನಾಕಿಗೆ ಇಷ್ಟು ಲಗೂನ ಅವನ್ನ ತಗೀಬೇಕಾತಲ್ಲ ಅಂತ ನನಗ ಸಂಕಟ."

"ಮೂತ್ರಪಿಂಡ ಅಂದ್ರ..." ಶರಣವ್ವನ ಜಪ ನಿಂತಿತು. "ಕಿಡ್ನಿ ಏನ್ರೀ?"

"ಹೂಂ ರೀ ಶರಣವ್ವಾರ."

ಶರಣವ್ವ ಸೊಸೆಯ ಸುಡುವ ಕೈ ಹಿಡಿದಳು. ಹೆದರಿಕೆಯಲ್ಲಿ ಅವಳ ದನಿ ಮೇಲೇರಿತು. "ಅಲ್ರೀ ಬಾಯಾರ, ಆ ಗುಳಿಗಿ ಛಲೋನ ಇದ್ದುವಲ್ರಿ! ನಮ್ಮ ಶಿವಯೋಗಿಗೆ ಹತ್ತಿದ್ವು, ಬಾಜೂ ಮನಿ ತಾರಾಬಾಯಿಗೆ ಹತ್ತಿದ್ವು. ಎಲ್ಲಾರಿಗೂ ಹತ್ತಿದ್ದು ಇಕಿಗೊಬ್ಬಾಕಿಗೆ ಯಾಕ ಹತ್ತಲಿಲ್ಲ?"

ಬಾಯಾರ ಪೆನ್ನು ನಿಂತಿತು.

"ಯಾವ ಗುಳಿಗಿ, ಶರಣವ್ವಾರ?"

"ಇವ ರೀ, ನೀವು ಕೊಟ್ಟದ್ದು. ಜಗಲಿ ಮ್ಯಾಲಿಟ್ಟು ಎಲ್ಲಾರಿಗೂ ಸಮಾ ಹಂಚೇನಿ."

ಬಾಗಿಲಲ್ಲಿ ಮೌಲಾಲಿ "ಯಾ ಅಲ್ಲಾ!" ಎಂದು ಹಣೆ ಹಿಡಿದುಕೊಂಡ. ಬಾಯಾರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖಕ್ಕೆ ಸಿಟ್ಟು ಏರಿದ್ದು ಎಲ್ಲರಿಗೂ ಕಂಡಿತು.

"ಸೌಮ್ಯಾ, ನಾ ಕೇಳಿದಾಗ ಎಲ್ಲಾ ತಗೊಂಡೆ ಅಂದ್ರಿ."

ಸೌಮ್ಯಾ ತಲೆ ತಗ್ಗಿಸಿದಳು. ಶರಣವ್ವ ಸೊಸೆಯ ಮುಖವನ್ನೂ ಬಾಯಾರ ಮುಖವನ್ನೂ ನೋಡಿದಳು. ಏನೋ ಒಂದು ತಪ್ಪಿದೆ, ಅದು ತನ್ನ ಕೈಯಿಂದಲೇ ತಪ್ಪಿದೆ ಎಂಬುದು ಅವಳಿಗೆ ಮೆಲ್ಲಗೆ ಹೊಳೆಯತೊಡಗಿತು.

"ಯಾಕವಾ? ಸುಳ್ಳ ಯಾಕ ಹೇಳಿದಿ?"

"ನಿಮಗ ಬೈತಾರಂತ..." ಸೌಮ್ಯಾಳ ಹಲ್ಲು ಚಳಿಗೆ ಕಟಕಟ ಎನ್ನುತ್ತಿದ್ದವು. "ಎಲ್ಲಾರ ಮುಂದ ನಿಮ್ಮ ಮಾರಿ ಸಣ್ಣದಾಗಬಾರದಂತ, ಅತ್ತಿ."

"ನನ್ನ ಮಾರಿ ಹಿಡಕೊಂಡು ಏನ್ ಮಾಡ್ತೀದಿ ನೀ? ಕಿಡ್ನಿ ಹೋದ್ರ ಮಾರಿ ಹಚ್ಚತಾರೇನ ಅಲ್ಲಿ?" ಎಂದು ಗದರಿದಳು ಶರಣವ್ವ. ಗದರುತ್ತಲೇ ಸೆರಗು ಕಣ್ಣಿಗೆ ಹೋಯಿತು.

ಬಾಯಾರು ಕುರ್ಚಿಯನ್ನು ಅವರ ಹತ್ತಿರ ಎಳೆದು ಕೂತರು. ಸಿಟ್ಟು ಇಳಿದಿತ್ತು. "ಶರಣವ್ವಾರ, ನಂದೂ ಒಂದು ತಪ್ಪದ. ಮುಗಸ್ರಿ ಅಂದೆ, ಯಾರು ಮುಗಸಬೇಕು ಅಂತ ಹೇಳಲಿಲ್ಲ. ಈಗ ಕೇಳ್ರಿ. ಈ ರೋಗದ ಜೀವಿಗಳು ಕಣ್ಣಿಗೆ ಕಾಣೂದಿಲ್ಲ, ಆದ್ರ ಲಕ್ಷಗಟ್ಟಲೆ ಇರತಾವ. ಮೊದಲ ಗುಳಿಗಿಗೆ ಅಶಕ್ತ ಇದ್ದವು ಸಾಯತಾವ. ಗಟ್ಟಿ ಇದ್ದವು ಸಾಯಬೇಕಂದ್ರ ಪೂರ್ತಿ ಔಷಧ ಬೇಕು. ನಡುವ ನಿಲ್ಲಿಸಿದ್ರ ಆ ಗಟ್ಟಿ ಇದ್ದವು ಉಳದು ಮತ್ತ ಬೆಳೀತಾವ."

"ಅಂದ್ರ ನಾ ಪಾಲು ಹಾಕಿ ರೋಗಾ ಬೆಳಿಸಿದ್ನಿ."

"ಆಕಿಗೆ ಬೇಕಾದದ್ದು ಆಕಿಗೆ ಸಿಗಲಿಲ್ಲ. ನಿಮ್ಮ ಮಗಗ ಅದು ಬೇಕಾಗಿದ್ದಿಲ್ಲ. ಅವರ ನೆಗಡಿ ಹೆಂಗೂ ಹೋಗೂದಿತ್ತು. ಉಂಡು ತೇಗಿದವರ ಎಲಿಗೆ ಮತ್ತ ಬಡಿಸಿ, ಹಸದಾಕಿ ಎಲೀದು ತಗದಂಗ ಆತು."

ಶರಣವ್ವ ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

ಬಾಯಾರು ಅರ್ಧ ಬರೆದ ಕಾಗದವನ್ನು ಪಕ್ಕಕ್ಕಿಟ್ಟರು. ಔಷಧ ಸೋತಿಲ್ಲ, ಪೂರ್ತಿ ಹೊಟ್ಟೆಗೆ ಹೋಗಿಲ್ಲ ಎಂಬುದು ತಿಳಿದ ಮೇಲೆ ದಾರಿಯೇ ಬೇರೆಯಾಗಿತ್ತು. ಮೂತ್ರವನ್ನು ಲ್ಯಾಬಿಗೆ ಕಳಿಸಿದರು. ಅದರಲ್ಲಿನ ಜೀವಿ ಯಾವ ಔಷಧಕ್ಕೆ ಸಾಯುತ್ತದೆ ಎಂದು ಅಲ್ಲಿ ಬೆಳೆಸಿ ನೋಡುತ್ತಾರೆ, ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ದಿನಾ ಬಂದು ಒಂದು ಇಂಜೆಕ್ಷನ್. "ವಾಂತಿ ಶುರು ಆತಂದ್ರ, ಇಲ್ಲಾ ನಾಳಿಗೂ ಚಳಿ ಬಿಡಲಿಲ್ಲಂದ್ರ, ನನ್ನ ಕೇಳಾಕ ಬರಬ್ಯಾಡ್ರಿ, ಸೀದಾ ದೊಡ್ಡ ದವಾಖಾನಿಗೆ ಹೋಗ್ರಿ. ಮತ್ತ ರಿಪೋರ್ಟಿನಾಗ ಸಾದಾ ಗುಳಿಗಿಗೆ ಬಗ್ಗೂದಿಲ್ಲ ಅಂತ ಬಂದ್ರ ಒಳಗ ಇರಬೇಕಾಗ್ತದ. ಅದು ಈಗ ನನ್ನ ಕೈಯಾಗಿಲ್ಲ."

ಮರುದಿನ ಬೆಳಿಗ್ಗೆ ಶರಣವ್ವ ಎಂದಿನಂತೆ ಪೂಜೆಗೆ ಕೂತಳು. ಸೌಮ್ಯಾ ಒಳಗಿನ ಕೋಣೆಯಲ್ಲಿ ಎರಡು ಕೌದಿ ಹೊದ್ದು ಮಲಗಿ ಕೇಳುತ್ತಿದ್ದಳು. ವಚನವೊಂದು ಶುರುವಾಗಿ ನಡುವಿನಲ್ಲೇ ನಿಂತುಹೋಯಿತು. ಗೋಡೆಯಾಚೆಯ ಮನೆಯಲ್ಲೂ ಯಾರೋ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದರು.

ಶರಣವ್ವನ ಎಡಗೈಯ ಅಂಗೈಯಲ್ಲಿ ಅವಳ ಲಿಂಗವಿತ್ತು. ಹುಟ್ಟಿದ ಮನೆಯಲ್ಲಿ ಗುರುಗಳು ಕಟ್ಟಿದ್ದು. ಅಂದಿನಿಂದ ಇಂದಿನವರೆಗೆ ಅದನ್ನು ಅವಳು ಯಾರ ಕೈಗೂ ಕೊಟ್ಟವಳಲ್ಲ. ಗಂಡನಿಗೆ ಅವನದಿತ್ತು, ಮಗನಿಗೆ ಅವನದಿದೆ, ಸೊಸೆಗೆ ಅವಳದಿದೆ. ಒಬ್ಬರ ಕೊರಳಿನದನ್ನು ಇನ್ನೊಬ್ಬರು ಬೇಡುವುದಿಲ್ಲ, ಬೇಡಿದರೆ ಕೊಡುವುದೂ ಇಲ್ಲ. ಅದನ್ನು ಯಾರೂ ಜಿಪುಣತನ ಎನ್ನುವುದಿಲ್ಲ. ಹಂಚಿದಷ್ಟೂ ಪುಣ್ಯ ಎಂದು ಬದುಕಿದ ಮನೆಯಲ್ಲಿ ಹಂಚದೆ ಇರುವ ವಸ್ತುವೂ ಒಂದು ಮೊದಲಿನಿಂದ ಇತ್ತಲ್ಲ ಎಂದು ಅವಳು ಬಹಳ ಹೊತ್ತು ಅಂಗೈಯನ್ನೇ ನೋಡುತ್ತ ಕೂತಳು. ಆಮೇಲೆ ನಿಂತ ವಚನವನ್ನು ಮೊದಲಿನಿಂದ ಹೇಳಿ ಮುಗಿಸಿದಳು.

ಆ ಸಂಜೆಗೆ ಚಳಿ ಬಿಟ್ಟಿತು. ಜ್ವರ ಇಳಿಯುತ್ತ ಏರುತ್ತ ಕೊನೆಗೆ ಇಳಿದೇ ಹೋಯಿತು. ಶಿವಯೋಗೀಶ ಅಂಗಡಿಗೆ ಹೋಗುವ ಮುನ್ನ ದಿನಾ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಂಜೆಕ್ಷನ್ನಿಗೆ ಬಿಟ್ಟು ಬರುತ್ತಿದ್ದ. "ಆ ಗುಳಿಗಿ ನಾ ನುಂಗಬಾರದಿತ್ತ ನೋಡು" ಎಂದು ಒಮ್ಮೆ ಅಂದ, ಹಿಂದಿರುಗಿ ನೋಡದೆ. ರಿಪೋರ್ಟು ಬಂದ ದಿನ ಬಾಯಾರು ಅದನ್ನು ಎರಡು ಸಲ ಓದಿ, ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು. "ಸಾದಾ ಗುಳಿಗಿಗೆ ಬಗ್ಗತದ. ಒಳಗ ಇರೂದು ಬೇಕಾಗಿಲ್ಲ. ಆದ್ರ ಈ ಸಲ..."

"ಈ ಸಲ ಅವು ನನ್ನ ಕೈಗೆ ಬ್ಯಾಡ್ರಿ" ಎಂದಳು ಶರಣವ್ವ. "ಆಕಿ ಕೈಯಾಗ ಕೊಡ್ರಿ. ನನ್ನ ಕೈಗೆ ಅಭ್ಯಾಸ ಛಲೋ ಇಲ್ಲ."

ಮೌಲಾಲಿ, "ಅವ್ವಾರ, ನನ್ನ ಕೆಮ್ಮಿಗೆ ಒಂದರೆ..." ಎಂದು ಶುರುಮಾಡಿದ. ಶರಣವ್ವ ಅವನ ಕಡೆ ನೋಡಿದ ರೀತಿಗೆ, "ಬಿಸಿನೀರ ಕುಡೀತೇನಿ ಬಿಡ್ರಿ" ಎಂದು ತಾನೇ ಹೇಳಿ ಬಾಗಿಲು ಬಿಟ್ಟ.

ಗುಳಿಗೆಗಳು ಜಗಲಿಗೆ ಏರಲಿಲ್ಲ. ಸೌಮ್ಯಾಳ ಪುಸ್ತಕಗಳ ಪಕ್ಕದಲ್ಲಿ ಉಳಿದವು. ಹೊತ್ತಿಗೆ ಸರಿಯಾಗಿ ಒಂದು ತಂಬಿಗೆ ನೀರು ತಂದಿಟ್ಟು ಶರಣವ್ವ ಹೊರಗೆ ಹೋಗಿಬಿಡುತ್ತಿದ್ದಳು, ನಿಂತರೆ ಎಲ್ಲಿ ಕೈ ಚಾಚುವೆನೋ ಎಂಬಂತೆ.

ಹಾಗೆ ಅವಳು ಹೊರಗೆ ಕಟ್ಟೆಯ ಮೇಲೆ ಕೂತ ಒಂದು ಸಂಜೆ ತಾರಾಬಾಯಿ ಬಂದಳು. ಗಲ್ಲ ಬಾತು ಕಣ್ಣು ಸಣ್ಣದಾಗಿತ್ತು, ಮಾತು ಒಂದೇ ಕಡೆಯಿಂದ ಹೊರಡುತ್ತಿತ್ತು.

"ಶರಣಕ್ಕಾ, ಮತ್ತ ಹಲ್ಲು ಎದ್ದೈತಿ. ಅವತ್ತಿನ ಗುಳಿಗಿ ಎರಡ ಕೊಡು. ನಿಮ್ಮ ಸೊಸಿಗೆ ಮತ್ತ ತಂದಾರಂತಲ್ಲ."

ಕಟ್ಟೆಗೆ ಕೈಯೂರಿ ಏಳಹೋದ ಶರಣವ್ವ ಮತ್ತೆ ಕೂತಳು. ಒಳಗೆ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದಿದ್ದ ಸೌಮ್ಯಾ ನುಂಗದೆ ನಿಂತಳು.

"ಇಲ್ಲ, ತಾರಾ."

"ಏನು?"

"ಕೊಡೂದಿಲ್ಲ. ಅದು ಆಕೀದು."

ತಾರಾಬಾಯಿಗೆ ನಂಬಿಕೆಯೇ ಬರಲಿಲ್ಲ. "ಏ ಶರಣಕ್ಕಾ, ಚ್ಯಾಷ್ಟಿ ಮಾಡ್ತೀಯೇನ? ಚೂರು ಬಾಳಿಹಣ್ಣ ಗ್ವಾಡಿ ಮ್ಯಾಲಿಂದ ಕರದು ಕೊಡಾಕಿ ನೀ. ಈಗ ಎರಡು ಗುಳಿಗಿಗೆ ಇಷ್ಟು ಕೈ ಗಟ್ಟಿ ಆತು? ಆ ಡಾಕ್ಟರ್ ಬಾಯಿ ಹತ್ರ ಹೋಗಿ ಹೋಗಿ ಅಕೀ ಬುದ್ಧಿನ ಬಂತ ನೋಡು ನಿನಗ!"

ಮಾತು ನಾಟಿತು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ನಿಲ್ಲಿಸಿದ್ದು ಇದೇ ಮೊದಲು. ಒಳಗಿನಿಂದ ಸೌಮ್ಯಾ ಎರಡು ಹೆಜ್ಜೆ ಮುಂದೆ ಬಂದದ್ದನ್ನು ನೋಡಿ, ಶರಣವ್ವ ಅಲ್ಲೇ ಇರು ಎಂಬಂತೆ ಕೈ ಎತ್ತಿದಳು. ಎದ್ದು ನಿಂತಳು. ಮೂಲೆಯಲ್ಲಿದ್ದ ಚಪ್ಪಲಿಗೆ ಕಾಲು ಹಾಕಿದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನಡಿ."

"ಎಲ್ಲಿಗೆ?"

"ಹಲ್ಲಿನ ಡಾಕ್ಟರ್ ಕಡೆ. ಅವತ್ತ ನಾ ಗುಳಿಗಿ ಕೊಟ್ಟು ನಿನ್ನ ಹಲ್ಲಿನ ಬಾಯಿ ಅಷ್ಟ ಮುಚ್ಚಿಸಿದ್ನಿ. ಒಳಗ ಅದು ತನ್ನ ಕೆಲಸಾ ಮಾಡಾಕತ್ತಿತ್ತು."

"ಏ, ಕೀಳತಾನ ಅವಾ! ನಾ ಒಲ್ಲೆ!"

"ಕಿತ್ರ ಕೀಳಲಿ. ನಾ ಕೈ ಹಿಡಕೊಂಡ ಕುಂದರತೇನಿ. ಹೊತ್ತು ಮುಳುಗೂತನಾ ಬೇಕಾದ್ರೂ ಕುಂದರತೇನಿ. ಅದನ್ನ ಕೊಡ್ತೇನಿ ನಿನಗ, ಗುಳಿಗಿ ಕೊಡೂದಿಲ್ಲ."

ತಾರಾಬಾಯಿ ಗೊಣಗಿದಳು, ಒಲ್ಲೆನೆಂದಳು, ಕೊನೆಗೆ ಚಾಚಿದ ಕೈ ಹಿಡಿದು ಕಟ್ಟೆ ಇಳಿದಳು. ಸೌಮ್ಯಾ ಬಾಗಿಲಿಗೆ ಬಂದು ನೋಡಿದಳು. ಓಣಿಯ ತಿರುವಿನವರೆಗೂ ತಾರಾಬಾಯಿಯ ಬೈಗುಳ, ಅದರ ನಡುನಡುವೆ ಅತ್ತೆಯ ದನಿ: "ಬಾಯಿ ಮುಚ್ಚಿ ನಡೀಬೇ, ಗಾಳಿ ಹೊಕ್ಕು ಇನ್ನಷ್ಟು ಬಾಯತೈತಿ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೌಮ್ಯಾ ಒಳಗೆ ಬಂದು ತಂಬಿಗೆ ಎತ್ತಿ, ತನ್ನ ಗುಳಿಗೆಯನ್ನು ತಾನೇ ನುಂಗಿದಳು.